ಸ್ಪ್ಯಾನಿಷ್‌ನಲ್ಲಿ ಧಾತುಸ್ವರ ಬದಲಾಗುವ ಕ್ರಿಯಾಪದಗಳಿಂದ ವಿಧಿರೂಪ ಕಟ್ಟುವ ಬಗೆ

ಸ್ಪ್ಯಾನಿಷ್‌ನಲ್ಲಿ ಸೆರ್ರಾರ್ ಎಂದರೆ ಮುಚ್ಚುವುದು. ಮೆಕ್ಸಿಕೋ ನಗರದ ತಾಯಿ ಮಗನಿಗೆ ಬಾಗಿಲು ಮುಚ್ಚು ಎನ್ನುವಾಗ ‘ಸ್ಯೇರ್ರ ಲ ಪ್ವೇರ್ತ’ ಎನ್ನುತ್ತಾಳೆ. ಬ್ಯೂನಸ್ ಐರಿಸ್‌ನ ತಾಯಿ ಅದನ್ನೇ ‘ಸೆರ್ರಾ ಲ ಪ್ವೇರ್ತ’ ಎನ್ನುತ್ತಾಳೆ. ಮ್ಯಾಡ್ರಿಡ್‌ನ ತಾಯಿ ಇಬ್ಬರು ಮಕ್ಕಳಿಗೆ ಒಟ್ಟಿಗೆ ಹೇಳುವಾಗ ‘ಸೆರ್ರಾದ್ ಲ ಪ್ವೇರ್ತ’ ಎನ್ನುತ್ತಾಳೆ. ಹೀಗೆ ಮಾಡು ಎಂದು ಹೇಳುವ ಕ್ರಿಯಾರೂಪವೇ ವಿಧಿರೂಪ. ಕ್ರಿಯಾಪದ ಒಂದೇ, ಕೆಲಸವೂ ಒಂದೇ. ಆದರೆ ಮೊದಲನೆಯದರಲ್ಲಿ ಧಾತುವಿನ ‘ಎ’ ಸ್ವರ ‘ಯೇ’ ಆಗಿದೆ, ಉಳಿದ ಎರಡರಲ್ಲಿ ಅದು ಹಾಗೆಯೇ ನಿಂತಿದೆ. ಈ ವ್ಯತ್ಯಾಸವನ್ನು ಕೋಷ್ಟಕಗಳಿಂದ ಬಾಯಿಪಾಠ ಮಾಡಲು ಹೊರಟವರು ಸಾಮಾನ್ಯವಾಗಿ ಹತ್ತು ಹನ್ನೆರಡು ಕ್ರಿಯಾಪದಗಳ ಹೊತ್ತಿಗೆ ದಣಿಯುತ್ತಾರೆ. ಇದರ ಹಿಂದಿರುವ ಒಂದು ಕಾರಣವನ್ನು ಹಿಡಿದರೆ ಕೋಷ್ಟಕದ ಬಹುಪಾಲು ತಾನಾಗಿಯೇ ಹುಟ್ಟುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆ ಕಾರಣ ಉಚ್ಚಾರಣೆಯ ಒತ್ತು: ಒತ್ತು ಧಾತುವಿನ ಮೇಲೆ ಬಿದ್ದಾಗ ಅದರ ಸ್ವರ ಬದಲಾಗುತ್ತದೆ, ಒತ್ತು ಪ್ರತ್ಯಯಕ್ಕೆ ಸರಿದಾಗ ಧಾತು ಮೂಲ ಸ್ವರವನ್ನೇ ಉಳಿಸಿಕೊಳ್ಳುತ್ತದೆ.

ಮುಂದುವರಿಯುವ ಮುನ್ನ ಇಲ್ಲಿನ ಬರವಣಿಗೆಯ ಕ್ರಮವನ್ನು ತಿಳಿಸಬೇಕು. ಸ್ಪ್ಯಾನಿಷ್ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಸ್ಪ್ಯಾನಿಷ್‌ನಲ್ಲಿ ಹ್ರಸ್ವ ದೀರ್ಘಗಳ ಭೇದವಿಲ್ಲ. ಆದ್ದರಿಂದ ಈ ಬರಹದ ಸ್ಪ್ಯಾನಿಷ್ ಪದಗಳಲ್ಲಿ ದೀರ್ಘ ಸ್ವರ ಕಂಡಲ್ಲೆಲ್ಲ ಅದನ್ನು ಒತ್ತಿನ ಗುರುತು ಎಂದು ಓದಬೇಕು. ಕನ್ನಡದಲ್ಲಿ ಒತ್ತು ಅರ್ಥವನ್ನು ಬದಲಿಸುವುದಿಲ್ಲವಾದ್ದರಿಂದ ನಮ್ಮ ಕಿವಿ ಅದನ್ನು ಸುಲಭವಾಗಿ ಗಮನಿಸುವುದಿಲ್ಲ, ಆದರೆ ಸ್ವರ ದೀರ್ಘವೋ ಹ್ರಸ್ವವೋ ಎಂಬುದನ್ನು ತಪ್ಪದೇ ಗುರುತಿಸುತ್ತದೆ. ಕನ್ನಡಿಗರು ಒತ್ತನ್ನು ದೀರ್ಘವಾಗಿ ಕೇಳಿಸಿಕೊಂಡು ಕಲಿಯುವುದರಿಂದ ಲಾಭವೇ ಹೆಚ್ಚು. ಸ್ಪ್ಯಾನಿಷ್ ಅಕ್ಷರಗಳನ್ನು ಅವುಗಳ ಇಂಗ್ಲಿಷ್ ಹೆಸರುಗಳಿಂದಲೇ ಕರೆದಿದ್ದೇನೆ. ವಿ ಮತ್ತು ಬಿ ಅಕ್ಷರಗಳಿಗೆ ಸ್ಪ್ಯಾನಿಷ್‌ನಲ್ಲಿ ಒಂದೇ ಉಚ್ಚಾರಣೆ ಇರುವುದರಿಂದ ಎರಡಕ್ಕೂ ‘ಬ’ ಬಳಸಿದ್ದೇನೆ. ಝೆಡ್ ಅಕ್ಷರವನ್ನೂ, ಇ ಮತ್ತು ಐ ಅಕ್ಷರಗಳ ಹಿಂದಿನ ಸಿ ಅಕ್ಷರವನ್ನೂ ಲ್ಯಾಟಿನ್ ಅಮೆರಿಕದವರಂತೆ ‘ಸ’ ಎಂದು ಬರೆದಿದ್ದೇನೆ. ಸ್ಪೇನಿನ ಬಹುಭಾಗದಲ್ಲಿ ಅದನ್ನು ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ಇಟ್ಟು ಉಚ್ಚರಿಸುತ್ತಾರೆ.

ಒತ್ತು ಏಕೆ ಸ್ವರವನ್ನು ಬದಲಿಸುತ್ತದೆ

ಲ್ಯಾಟಿನ್ ಭಾಷೆಯ ಹ್ರಸ್ವ ಎಕಾರ ಮತ್ತು ಒಕಾರಗಳು ಕ್ಯಾಸ್ಟೀಲಿಯನ್ ಸ್ಪ್ಯಾನಿಷ್ ರೂಪುಗೊಳ್ಳುವಾಗ, ಒತ್ತು ಬಿದ್ದ ಕಡೆಗಳಲ್ಲಿ ಒಡೆದು ‘ಯೇ’ ಮತ್ತು ‘ವೇ’ ಎಂಬ ಜೋಡಿಸ್ವರಗಳಾದವು. ಒತ್ತಿಲ್ಲದ ಕಡೆ ಒಡೆಯಲಿಲ್ಲ. ಲ್ಯಾಟಿನ್‌ನ ಪೋರ್ತ ಸ್ಪ್ಯಾನಿಷ್‌ನಲ್ಲಿ ಪ್ವೇರ್ತ ಆಯಿತು, ತೇರ್ರ ಎಂಬುದು ತ್ಯೇರ್ರ ಆಯಿತು. ಇದು ಕ್ರಿಯಾಪದಗಳಿಗಷ್ಟೇ ಸೇರಿದ ಸಂಗತಿಯಲ್ಲ. ಏಳು ಎಂಬುದಕ್ಕೆ ಸ್ಯೇತೆ, ಎಪ್ಪತ್ತಕ್ಕೆ ಸೆತೇಂತ. ಒಂಬತ್ತಕ್ಕೆ ನ್ವೇಬೆ, ತೊಂಬತ್ತಕ್ಕೆ ನೊಬೇಂತ. ಬಾಗಿಲು ಪ್ವೇರ್ತ, ಬಾಗಿಲು ಕಾಯುವವನು ಪೊರ್ತೇರೊ. ಪದ ಬೆಳೆದು ಒತ್ತು ಮುಂದಕ್ಕೆ ಸರಿದ ಕೂಡಲೇ ಜೋಡಿಸ್ವರ ಮಾಯವಾಗಿ ಹಳೆಯ ಸ್ವರ ಕಾಣಿಸುತ್ತದೆ. ಸಂಖ್ಯೆಗಳನ್ನು ಎಣಿಸಲು ಬಲ್ಲ ಯಾವ ವಿದ್ಯಾರ್ಥಿಗೂ ಈ ನಿಯಮ ಈಗಾಗಲೇ ಅರ್ಧ ಗೊತ್ತಿದೆ ಎಂಬುದನ್ನು ಪಾಠ ಹೇಳುವವರು ಇನ್ನಷ್ಟು ಬಳಸಿಕೊಳ್ಳಬೇಕು. ಹಲವು ಪಠ್ಯಪುಸ್ತಕಗಳು ಬದಲಾಗುವ ರೂಪಗಳ ಸುತ್ತ ಬೂಟಿನ ಆಕಾರದ ಗೆರೆ ಎಳೆದು ತೋರಿಸುತ್ತವೆ. ವರ್ತಮಾನ ಕಾಲದ ಕೋಷ್ಟಕಕ್ಕೆ ಆ ಚಿತ್ರ ಸರಿಹೊಂದುತ್ತದೆಯಾದರೂ ಅದು ಕಾರಣವನ್ನು ಹೇಳುವುದಿಲ್ಲ, ವಿಧಿರೂಪಕ್ಕೆ ಬಂದಾಗ ನೆರವಿಗೂ ಬರುವುದಿಲ್ಲ.

ಬದಲಾವಣೆಯಲ್ಲಿ ಮೂರು ಮುಖ್ಯ ಬಗೆಗಳಿವೆ. ‘ಎ’ ಸ್ವರ ‘ಯೇ’ ಆಗುವ ಗುಂಪಿಗೆ ಸೆರ್ರಾರ್, ಯೋಚಿಸು ಎಂಬರ್ಥದ ಪೆನ್ಸಾರ್, ಆರಂಭಿಸು ಎಂಬರ್ಥದ ಎಂಪೆಸಾರ್, ದೀಪವನ್ನೋ ಒಲೆಯನ್ನೋ ಹೊತ್ತಿಸು ಎಂಬರ್ಥದ ಎನ್ಸೆಂದೇರ್ ಸೇರುತ್ತವೆ. ‘ಒ’ ಸ್ವರ ‘ವೇ’ ಆಗುವ ಗುಂಪಿನಲ್ಲಿ ಹೇಳು ಅಥವಾ ಎಣಿಸು ಎಂಬ ಎರಡೂ ಅರ್ಥವುಳ್ಳ ಕೊಂತಾರ್, ಹಿಂತಿರುಗು ಎಂಬರ್ಥದ ಬೊಲ್ಬೇರ್, ಮಲಗು ಎಂಬರ್ಥದ ದೊರ್ಮೀರ್, ತೋರಿಸು ಎಂಬರ್ಥದ ಮೊಸ್ತ್ರಾರ್ ಇವೆ. ‘ಎ’ ಸ್ವರ ‘ಇ’ ಆಗುವ ಮೂರನೆಯ ಗುಂಪಿನಲ್ಲಿ ಕೇಳಿ ಪಡೆ ಎಂಬರ್ಥದ ಪೆದೀರ್, ಬಡಿಸು ಎಂಬರ್ಥದ ಸೆರ್ಬೀರ್, ಮತ್ತೆ ಹೇಳು ಎಂಬರ್ಥದ ರೆಪೆತೀರ್, ಮುಂದುವರಿ ಎಂಬರ್ಥದ ಸೆಗೀರ್ ಸೇರುತ್ತವೆ. ಈ ಗುಂಪಿನ ಕ್ರಿಯಾಪದಗಳೆಲ್ಲ ‘ಈರ್’ ಪ್ರತ್ಯಯದವೇ. ಆಡು ಎಂಬರ್ಥದ ಹುಗಾರ್ ಮಾತ್ರ ‘ಉ’ ಸ್ವರವನ್ನು ‘ವೇ’ ಮಾಡಿಕೊಳ್ಳುವ ಒಂಟಿ ಕ್ರಿಯಾಪದ. ಎಕಾರ ಒಕಾರ ಇದ್ದ ಮಾತ್ರಕ್ಕೆ ಕ್ರಿಯಾಪದ ಬದಲಾಗಲೇಬೇಕೆಂದೇನಿಲ್ಲ. ತಿನ್ನು ಎಂಬರ್ಥದ ಕೊಮೇರ್ ಕೋಮೆ ಆಗುತ್ತದೆ, ಕುಡಿ ಎಂಬರ್ಥದ ಬೆಬೇರ್ ಬೇಬೆ ಆಗುತ್ತದೆ. ಯಾವುದು ಬದಲಾಗುತ್ತದೆ ಎಂಬುದನ್ನು ನಿಘಂಟಿನಿಂದಲೇ ತಿಳಿಯಬೇಕು. ಹೊಸ ಕ್ರಿಯಾಪದವನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳುವಾಗಲೇ ಅದರ ಬದಲಾವಣೆಯನ್ನೂ ಪಕ್ಕದಲ್ಲಿ ಬರೆದಿಡುವುದು ಒಳ್ಳೆಯದು.

ತೂ: ನೀನು ಎನ್ನುವವರಿಗೆ

ಏಕವಚನದಲ್ಲಿ ಸಲಿಗೆಯಿಂದ ಕರೆಯುವ ಸರ್ವನಾಮ ತೂ. ಇದರ ವಿಧಿರೂಪ ಕಟ್ಟುವುದು ಎಲ್ಲಕ್ಕಿಂತ ಸುಲಭ: ವರ್ತಮಾನ ಕಾಲದ ತೂ ರೂಪವನ್ನು ತೆಗೆದುಕೊಂಡು ಕೊನೆಯ ‘ಸ್’ ಬಿಟ್ಟರೆ ಸಾಕು. ನೀನು ಮುಚ್ಚುತ್ತೀಯ ಎನ್ನಲು ಸ್ಯೇರ್ರಸ್, ಮುಚ್ಚು ಎನ್ನಲು ಸ್ಯೇರ್ರ. ಕ್ವೇಂತಸ್ ಎಂಬುದರಿಂದ ಕ್ವೇಂತ, ಬ್ವೇಲ್ಬೆಸ್ ಎಂಬುದರಿಂದ ಬ್ವೇಲ್ಬೆ, ದ್ವೇರ್ಮೆಸ್ ಎಂಬುದರಿಂದ ದ್ವೇರ್ಮೆ, ಪೀದೆಸ್ ಎಂಬುದರಿಂದ ಪೀದೆ, ಸೀಗೆಸ್ ಎಂಬುದರಿಂದ ಸೀಗೆ, ಹ್ವೇಗಸ್ ಎಂಬುದರಿಂದ ಹ್ವೇಗ ಬರುತ್ತವೆ. ಇವೆಲ್ಲವುಗಳಲ್ಲಿ ದೀರ್ಘ ಧಾತುವಿನ ಮೇಲೆಯೇ ಇದೆ, ಆದ್ದರಿಂದ ಸ್ವರ ಬದಲಾಗಿದೆ.

ಈ ಸುಲಭ ನಿಯಮವನ್ನು ಮುರಿಯುವ ಎಂಟು ಕ್ರಿಯಾಪದಗಳಿವೆ. ಅವುಗಳಲ್ಲಿ ಧಾತುಸ್ವರ ಬದಲಾಗುವ ಗುಂಪಿಗೆ ಸೇರಿದವು ಮೂರು: ಹಿಡಿ ಅಥವಾ ಇಟ್ಟುಕೊ ಎಂಬರ್ಥದ ತೆನೇರ್, ಬರು ಎಂಬರ್ಥದ ಬೆನೀರ್, ಹೇಳು ಎಂಬರ್ಥದ ದೆಸೀರ್. ವರ್ತಮಾನದಲ್ಲಿ ತ್ಯೇನೆಸ್, ಬ್ಯೇನೆಸ್, ದೀಸೆಸ್ ಎನ್ನುವ ಇವು ವಿಧಿರೂಪದಲ್ಲಿ ತೇನ್, ಬೇನ್, ದೀ ಎಂದು ಮೊಟಕಾಗುತ್ತವೆ. ಬರು ಎಂಬುದು ಬಾ, ತರು ಎಂಬುದು ತಾ ಆಗುವ ಕನ್ನಡವನ್ನು ಆಡುವವರಿಗೆ ಇದರಲ್ಲಿ ಆಶ್ಚರ್ಯಪಡುವಂಥದ್ದಿಲ್ಲ. ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುವ ಆಜ್ಞೆಗಳು ಎರಡೂ ಭಾಷೆಗಳಲ್ಲಿ ಸವೆದು ಚಿಕ್ಕದಾಗಿವೆ.

ಉಸ್ತೇದ್ ಮತ್ತು ಉಸ್ತೇದೆಸ್: ನೀವು ಎನ್ನುವವರಿಗೆ

ಗೌರವದ ಏಕವಚನ ಉಸ್ತೇದ್, ಅದರ ಬಹುವಚನ ಉಸ್ತೇದೆಸ್. ಕನ್ನಡದ ನೀವು ಎಂಬುದು ಗೌರವ ಮತ್ತು ಬಹುವಚನ ಎರಡನ್ನೂ ಒಂದೇ ರೂಪದಲ್ಲಿ ಹೊರುತ್ತದೆ. ಸ್ಪ್ಯಾನಿಷ್‌ನಲ್ಲಿ ಅವು ಬೇರೆ ಬೇರೆ. ಹಿರಿಯರೊಬ್ಬರಿಗೆ ಮುಚ್ಚಿರಿ ಎನ್ನುವಾಗ ಬಹುವಚನದ ಪ್ರತ್ಯಯ ಹಚ್ಚುವ ಅಭ್ಯಾಸ ನಮ್ಮಿಂದ ಹಾಗೆಯೇ ಹರಿದು ಬರುವ ಸಾಧ್ಯತೆ ಇರುವುದರಿಂದ ಈ ಭೇದವನ್ನು ಆರಂಭದಲ್ಲೇ ಗಟ್ಟಿ ಮಾಡಿಕೊಳ್ಳಬೇಕು. ಲ್ಯಾಟಿನ್ ಅಮೆರಿಕದಲ್ಲಿ ಉಸ್ತೇದೆಸ್ ಎಂಬುದು ಗೆಳೆಯರ ಗುಂಪಿಗೂ ಅಪರಿಚಿತರ ಗುಂಪಿಗೂ ಸಲ್ಲುತ್ತದೆ.

ಇವುಗಳ ವಿಧಿರೂಪ ಬಯಕೆ, ಸಂಶಯ ಮೊದಲಾದವನ್ನು ಹೇಳುವ ಸಬ್ಜಂಕ್ಟಿವ್ ಎಂಬ ಕ್ರಿಯಾರೂಪದಿಂದ ಬರುತ್ತದೆ. ಅದನ್ನು ಪ್ರತ್ಯೇಕವಾಗಿ ಕಲಿಯದವರೂ ಒಂದು ದಾರಿಯಿಂದ ತಲುಪಬಹುದು. ವರ್ತಮಾನದ ನಾನು ರೂಪವನ್ನು ಹೇಳಿಕೊಳ್ಳಿ, ಅದರ ಕೊನೆಯ ಒಕಾರವನ್ನು ತೆಗೆಯಿರಿ. ಕ್ರಿಯಾಪದ ‘ಆರ್’ ಪ್ರತ್ಯಯದ್ದಾದರೆ ಎಕಾರವನ್ನೂ, ‘ಏರ್’ ಅಥವಾ ‘ಈರ್’ ಪ್ರತ್ಯಯದ್ದಾದರೆ ಅಕಾರವನ್ನೂ ಸೇರಿಸಿರಿ. ಸ್ಯೇರ್ರೊ ಎಂಬುದರಿಂದ ಸ್ಯೇರ್ರೆ, ಕ್ವೇಂತೊ ಎಂಬುದರಿಂದ ಕ್ವೇಂತೆ, ಬ್ವೇಲ್ಬೊ ಎಂಬುದರಿಂದ ಬ್ವೇಲ್ಬ, ದ್ವೇರ್ಮೊ ಎಂಬುದರಿಂದ ದ್ವೇರ್ಮ, ಪೀದೊ ಎಂಬುದರಿಂದ ಪೀದ. ಬಹುವಚನಕ್ಕೆ ಇವುಗಳ ಕೊನೆಗೆ ‘ನ್’ ಬಂದರಾಯಿತು: ಸ್ಯೇರ್ರೆನ್, ಬ್ವೇಲ್ಬನ್, ಪೀದನ್. ಈ ದಾರಿಯ ಮುಖ್ಯ ಗುಣವೆಂದರೆ ಅದು ಹಟಮಾರಿ ಕ್ರಿಯಾಪದಗಳನ್ನೂ ಒಳಗೊಳ್ಳುತ್ತದೆ. ತೇಂಗೊ ಎಂಬುದರಿಂದ ತೇಂಗ, ಬೇಂಗೊ ಎಂಬುದರಿಂದ ಬೇಂಗ, ದೀಗೊ ಎಂಬುದರಿಂದ ದೀಗ ತಪ್ಪಿಲ್ಲದೆ ಬರುತ್ತವೆ.

ಇಲ್ಲಿ ಹೆಚ್ಚಿನವರು ಎಡವುವುದು ಕೊನೆಯ ಸ್ವರದಲ್ಲಿ. ಸ್ಯೇರ್ರ ಎಂದರೆ ಮುಚ್ಚು, ಸ್ಯೇರ್ರೆ ಎಂದರೆ ಮುಚ್ಚಿರಿ. ಆದರೆ ಬ್ವೇಲ್ಬೆ ಎಂದರೆ ಹಿಂತಿರುಗು, ಬ್ವೇಲ್ಬ ಎಂದರೆ ಹಿಂತಿರುಗಿರಿ. ಎರಡು ವರ್ಗಗಳಲ್ಲಿ ಸ್ವರಗಳು ಪರಸ್ಪರ ಸ್ಥಳ ಬದಲಿಸಿಕೊಂಡಿರುವುದರಿಂದ, ‘ಎ’ ಕೇಳಿದರೆ ಗೌರವ ಎಂದು ಒಂದೇ ಸೂತ್ರ ಮಾಡಿಕೊಂಡವರು ಅರ್ಧದಷ್ಟು ಸಂದರ್ಭಗಳಲ್ಲಿ ತಪ್ಪುತ್ತಾರೆ. ಕ್ರಿಯಾಪದದ ಮೂಲ ಪ್ರತ್ಯಯವನ್ನು ನೆನಪಿನಲ್ಲಿಟ್ಟು, ಜೋಡಿಯಾಗಿ ಗಟ್ಟಿ ಧ್ವನಿಯಲ್ಲಿ ಹೇಳಿಕೊಳ್ಳುವುದೇ ಇದಕ್ಕೆ ಮದ್ದು: ಪ್ಯೇನ್ಸ, ಪ್ಯೇನ್ಸೆ, ಮ್ವೇಸ್ತ್ರ, ಮ್ವೇಸ್ತ್ರೆ, ಎನ್ಸ್ಯೇಂದೆ, ಎನ್ಸ್ಯೇಂದ, ರೆಪೀತೆ, ರೆಪೀತ, ಸೀರ್ಬೆ, ಸೀರ್ಬ.

ಈ ರೂಪಗಳು ಸ್ಪ್ಯಾನಿಷ್ ಆಡುವ ಊರುಗಳಲ್ಲಿ ನಿತ್ಯ ಕಿವಿಗೆ ಬೀಳುತ್ತವೆ. ಸ್ಪೇನಿನಲ್ಲಿ ದೂರವಾಣಿ ಎತ್ತಿದವರು ‘ದೀಗಮೆ’ ಎನ್ನುತ್ತಾರೆ, ಅಂದರೆ ನನಗೆ ಹೇಳಿರಿ. ಬೊಗೋಟಾದಲ್ಲಿ ಅಂಗಡಿಯ ಅಥವಾ ಮನೆಯ ಹೊಸ್ತಿಲಲ್ಲಿ ನಿಂತವರನ್ನು ‘ಸೀಗ’ ಎಂದು ಒಳಗೆ ಕರೆಯುತ್ತಾರೆ. ಮುಂದುವರಿಯಿರಿ ಎಂಬ ಮಾತು ಅಲ್ಲಿ ದಯಮಾಡಿ ಬನ್ನಿ ಎಂಬ ಆತಿಥ್ಯದ ನುಡಿಯಾಗಿದೆ. ಮ್ಯಾಡ್ರಿಡ್ ಮೆಟ್ರೋದಲ್ಲಿ, ನಿಲ್ದಾಣ ತಿರುವಿನಲ್ಲಿದ್ದಾಗ ಇಳಿಯುವ ಪ್ರಯಾಣಿಕರಿಗೆ ಕೇಳಿಸುವ ಎಚ್ಚರಿಕೆಯಲ್ಲಿ ‘ತೇಂಗನ್ ಕ್ವಿದಾದೊ’ ಎಂಬ ಮಾತು ಬರುತ್ತದೆ, ಜಾಗ್ರತೆಯಾಗಿರಿ ಎಂಬ ಬಹುವಚನದ ಆಜ್ಞೆ ಅದು. ಆಜ್ಞೆ ಎಂಬ ಹೆಸರಿದ್ದರೂ ಈ ಮೂರರಲ್ಲಿ ಒಂದೂ ಅಧಿಕಾರದ ದನಿಯದಲ್ಲ.

ಅಕ್ಷರ ಬದಲಾದರೂ ಉಚ್ಚಾರಣೆ ಬದಲಾಗದ ಕಡೆಗಳು

ಕನ್ನಡ ಲಿಪಿಯಲ್ಲಿ ಬರೆದಾಗ ಕಾಣದ, ಆದರೆ ಸ್ಪ್ಯಾನಿಷ್ ಬರೆಯುವಾಗ ಬಿಡಲಾಗದ ಸಂಗತಿಯೊಂದಿದೆ. ಸ್ಪ್ಯಾನಿಷ್‌ನ ಜಿ ಅಕ್ಷರದ ಮುಂದೆ ಇ ಅಕ್ಷರ ಬಂದರೆ ಅದು ‘ಹೆ’ ಆಗುತ್ತದೆ. ತೂಗುಹಾಕು ಎಂಬರ್ಥದ ಕೊಲ್ಗಾರ್‌ನಿಂದ ಕ್ವೇಲ್ಗೆ ಎಂದು ಹೇಳಬೇಕಾದರೆ ಗಕಾರವನ್ನು ಕಾಪಾಡಲು ಜಿ ಮತ್ತು ಇ ನಡುವೆ ಯು ಅಕ್ಷರ ಬರೆಯಬೇಕು. ಹುಗಾರ್‌ನ ಹ್ವೇಗೆ ಕೂಡ ಹಾಗೆಯೇ. ಇದೇ ಕಾರಣಕ್ಕೆ, ಸುರಿ ಎಂಬರ್ಥದ ಬೊಲ್ಕಾರ್‌ನಿಂದ ಬರುವ ಬ್ವೇಲ್ಕೆ ರೂಪದಲ್ಲಿ ಸಿ ಅಕ್ಷರದ ಬದಲು ಕ್ಯು ಮತ್ತು ಯು ಬರುತ್ತವೆ. ಎಂಪೆಸಾರ್‌ನ ಎಂಪ್ಯೇಸೆ ರೂಪದಲ್ಲಿ ಝೆಡ್ ಹೋಗಿ ಸಿ ಬರುತ್ತದೆ. ಸೆಗೀರ್‌ನಲ್ಲಿ ಇದು ತಿರುಗುಮುರುಗು: ಸೀಗೆ ಎಂಬಲ್ಲಿ ಯು ಅಕ್ಷರ ಬೇಕು, ಸೀಗ ಎಂಬಲ್ಲಿ ಬೇಡ. ಆರಿಸು ಎಂಬರ್ಥದ ಎಲೆಹೀರ್ ತನ್ನ ಜಿ ಅಕ್ಷರವನ್ನು ಎಲೀಹೆ ರೂಪದಲ್ಲಿ ಇಟ್ಟುಕೊಂಡು ಎಲೀಹ ರೂಪದಲ್ಲಿ ಜೆ ಆಗಿಸಿಕೊಳ್ಳುತ್ತದೆ. ಇವುಗಳಲ್ಲಿ ಸೆಗೀರ್ ಮತ್ತು ಎಲೆಹೀರ್‌ಗೆ ನಾನು ರೂಪದ ದಾರಿ ಸರಿಯಾದ ಅಕ್ಷರವನ್ನೂ ಕೊಡುತ್ತದೆ. ಉಳಿದವುಗಳಿಗೆ ಕಿವಿಯನ್ನು ನಂಬಿ, ಆಡಿದ ಶಬ್ದ ಉಳಿಯಲು ಯಾವ ಅಕ್ಷರ ಬೇಕೋ ಅದನ್ನು ಬರೆಯಬೇಕು.

ನೊಸೋತ್ರೊಸ್: ಮಾಡೋಣ ಎನ್ನುವಾಗ

ನೊಸೋತ್ರೊಸ್ ಎಂದರೆ ನಾವು. ಮುಚ್ಚೋಣ, ಹೋಗೋಣ ಎಂಬ ನಮ್ಮ ‘ಓಣ’ ಪ್ರತ್ಯಯಕ್ಕೆ ಸಮನಾದ ರೂಪ ಸ್ಪ್ಯಾನಿಷ್‌ನಲ್ಲಿಯೂ ಇದೆ, ಮತ್ತು ಒತ್ತಿನ ನಿಯಮದ ಪರೀಕ್ಷೆ ನಡೆಯುವುದು ಇಲ್ಲಿಯೇ. ಈ ರೂಪದಲ್ಲಿ ಒತ್ತು ಪ್ರತ್ಯಯಕ್ಕೆ ಸರಿಯುತ್ತದೆ. ಆದ್ದರಿಂದ ‘ಆರ್’ ಮತ್ತು ‘ಏರ್’ ಕ್ರಿಯಾಪದಗಳಲ್ಲಿ ಧಾತು ಬದಲಾಗುವುದಿಲ್ಲ. ಮುಚ್ಚೋಣ ಎನ್ನಲು ಸೆರ್ರೇಮೊಸ್, ಎಣಿಸೋಣ ಎನ್ನಲು ಕೊಂತೇಮೊಸ್, ಆಡೋಣ ಎನ್ನಲು ಹುಗೇಮೊಸ್, ಹಿಂತಿರುಗೋಣ ಎನ್ನಲು ಬೊಲ್ಬಾಮೊಸ್. ಆದರೆ ‘ಈರ್’ ಕ್ರಿಯಾಪದಗಳು ಇಲ್ಲಿ ನಿಯಮವನ್ನು ಮೀರುತ್ತವೆ: ಒತ್ತಿಲ್ಲದಿದ್ದರೂ ಅವುಗಳ ಎಕಾರ ಇಕಾರವಾಗುತ್ತದೆ, ಒಕಾರ ಉಕಾರವಾಗುತ್ತದೆ. ಮಲಗೋಣ ಎನ್ನಲು ದುರ್ಮಾಮೊಸ್, ಕೇಳಿ ಪಡೆಯೋಣ ಎನ್ನಲು ಪಿದಾಮೊಸ್, ಬಡಿಸೋಣ ಎನ್ನಲು ಸಿರ್ಬಾಮೊಸ್. ಇದನ್ನು ಅಪವಾದವೆಂದೇ ಒಪ್ಪಿ ಕಲಿಯುವುದು ಪ್ರಾಮಾಣಿಕವಾದ ಮಾರ್ಗ. ದಿನದ ಮಾತಿನಲ್ಲಿ ಈ ರೂಪದ ಬದಲು ‘ಬಾಮೊಸ್ ಅ ಸೆರ್ರಾರ್’ ಎಂಬಂತೆ, ಹೋಗೋಣ ಎಂಬರ್ಥದ ಬಾಮೊಸ್ ಪದದೊಡನೆ ಮೂಲ ಕ್ರಿಯಾಪದವನ್ನು ಜೋಡಿಸಿ ಹೇಳುವುದೂ ಬಹಳ ರೂಢಿಯಲ್ಲಿದೆ.

ಬೊಸೋತ್ರೊಸ್ ಮತ್ತು ಬೋಸ್

ಸ್ಪೇನಿನಲ್ಲಿ ಸಲಿಗೆಯ ಬಹುವಚನಕ್ಕೆ ಬೊಸೋತ್ರೊಸ್ ಬಳಸುತ್ತಾರೆ. ಮೂಲ ಕ್ರಿಯಾಪದದ ಕೊನೆಯ ‘ರ್’ ಜಾಗದಲ್ಲಿ ‘ದ್’ ಇಟ್ಟರೆ ಅದರ ವಿಧಿರೂಪ ಸಿದ್ಧ: ಸೆರ್ರಾದ್, ಕೊಂತಾದ್, ಬೊಲ್ಬೇದ್, ದೊರ್ಮೀದ್, ಪೆದೀದ್, ದೆಸೀದ್. ಧಾತುಸ್ವರ ಎಲ್ಲಿಯೂ ಬದಲಾಗದು. ಅರ್ಜೆಂಟೀನಾ, ಉರುಗ್ವೆ, ಪರಾಗ್ವೆ ಮತ್ತು ಮಧ್ಯ ಅಮೆರಿಕದ ಬಹುಭಾಗದಲ್ಲಿ ತೂ ಬದಲು ಬರುವ ಬೋಸ್ ಇನ್ನೂ ಸರಳ. ಆ ‘ದ್’ ಕೂಡ ಬೇಡ. ಸೆರ್ರಾ, ಕೊಂತಾ, ಬೊಲ್ಬೇ, ದೊರ್ಮೀ, ಪೆದೀ, ದೆಸೀ. ಬರೆಯುವಾಗ ಕೊನೆಯ ಸ್ವರದ ಮೇಲೆ ಓರೆ ಗೆರೆ ಹಾಕಬೇಕು. ಕೆಲಸಕ್ಕೋ ಓದಿಗೋ ಅರ್ಜೆಂಟೀನಾ ಕಡೆಗೆ ಹೊರಟವರು ಬೋಸ್ ರೂಪವನ್ನು ಪ್ರಾದೇಶಿಕ ಟಿಪ್ಪಣಿಯೆಂದು ಪಕ್ಕಕ್ಕಿಡದೆ ಮೊದಲು ಅದನ್ನೇ ಕಲಿಯಬೇಕು ಎಂದು ನಾನು ಹೇಳುತ್ತೇನೆ; ಅಲ್ಲಿ ಅದೇ ಮನೆಮಾತು.

ಸರ್ವನಾಮ ಹಚ್ಚಿದಾಗ

ಸಕಾರಾತ್ಮಕ ಆಜ್ಞೆಯಲ್ಲಿ ನನಗೆ, ಅದನ್ನು, ನಿನ್ನನ್ನು ಮೊದಲಾದ ಸರ್ವನಾಮಗಳು ಕ್ರಿಯಾಪದದ ಬೆನ್ನಿಗೆ ಅಂಟಿಕೊಂಡು ಒಂದೇ ಪದವಾಗುತ್ತವೆ. ಪದ ಎಷ್ಟೇ ಉದ್ದವಾದರೂ ಒತ್ತು ತನ್ನ ಮೊದಲಿನ ಜಾಗವನ್ನು ಬಿಡುವುದಿಲ್ಲ, ಹಾಗಾಗಿ ಬದಲಾದ ಸ್ವರವೂ ಉಳಿಯುತ್ತದೆ. ಕ್ವೇಂತ ಎಂಬುದಕ್ಕೆ ನನಗೆ ಎಂಬರ್ಥದ ‘ಮೆ’ ಸೇರಿ ಕ್ವೇಂತಮೆ, ಅದನ್ನು ಎಂಬರ್ಥದ ‘ಲೊ’ ಕೂಡ ಸೇರಿ ಕ್ವೇಂತಮೆಲೊ. ಸ್ವರದಲ್ಲೋ, ಎನ್ ಅಥವಾ ಎಸ್ ಅಕ್ಷರದಲ್ಲೋ ಮುಗಿಯುವ ಸ್ಪ್ಯಾನಿಷ್ ಪದಗಳಲ್ಲಿ ಒತ್ತು ಸಹಜವಾಗಿ ಕೊನೆಯಿಂದ ಎರಡನೆಯ ಉಚ್ಚಾರಾಂಶಕ್ಕೆ ಬೀಳುತ್ತದೆ. ಸರ್ವನಾಮ ಸೇರಿದ ಕಾರಣ ಒತ್ತು ಅದಕ್ಕಿಂತ ಹಿಂದೆ ಉಳಿದರೆ ಆ ಸ್ವರದ ಮೇಲೆ ಓರೆ ಗೆರೆ ಬರೆಯುವುದು ಕಡ್ಡಾಯ. ಈ ಗೆರೆಯನ್ನು ಅಲಂಕಾರವೆಂದು ಬಿಡುವವರು ಓದುಗರಿಗೆ ತಪ್ಪು ಉಚ್ಚಾರಣೆಯನ್ನು ಕೊಡುತ್ತಾರೆ.

ಕುಳಿತುಕೊಳ್ಳು ಎಂಬರ್ಥದ ಸೆಂತಾರ್ಸೆ ಈ ಪಾಠವನ್ನೆಲ್ಲ ಒಂದೇ ಕಡೆ ತೋರಿಸುತ್ತದೆ. ತೂ ಎನ್ನುವವರಿಗೆ ಸ್ಯೇಂತತೆ, ಉಸ್ತೇದ್ ಎನ್ನುವವರಿಗೆ ಸ್ಯೇಂತೆಸೆ, ಉಸ್ತೇದೆಸ್‌ಗೆ ಸ್ಯೇಂತೆನ್ಸೆ. ಕುಳಿತುಕೊಳ್ಳೋಣ ಎನ್ನಲು ಸೆಂತೇಮೊನೊಸ್, ಅಲ್ಲಿ ಕ್ರಿಯಾಪದದ ಕೊನೆಯ ‘ಸ್’ ಬಿದ್ದುಹೋಗುತ್ತದೆ. ಬೊಸೋತ್ರೊಸ್‌ಗೆ ಸೆಂತಾಒಸ್, ಅಲ್ಲಿ ‘ದ್’ ಬಿದ್ದುಹೋಗುತ್ತದೆ. ಬೋಸ್ ಎನ್ನುವವರಿಗೆ ಸೆಂತಾತೆ. ದೀರ್ಘ ಎಲ್ಲಿದೆ ಎಂದು ಬೆರಳಿಟ್ಟು ನೋಡಿದರೆ ‘ಯೇ’ ಏಕೆ ಮೊದಲ ಮೂರರಲ್ಲಿ ಮಾತ್ರ ಇದೆ ಎಂಬುದು ಸ್ಪಷ್ಟವಾಗುತ್ತದೆ. ಎಚ್ಚರಗೊಳ್ಳು ಎನ್ನುವ ದೆಸ್ಪ್ಯೇರ್ತತೆ, ಬಟ್ಟೆ ಹಾಕಿಕೊ ಎನ್ನುವ ಬೀಸ್ತೆತೆ, ನಿದ್ದೆ ಮಾಡು ಎನ್ನುವ ದ್ವೇರ್ಮೆತೆ ಇದೇ ಅಚ್ಚಿನವು. ಇವೆಲ್ಲ ಮಾಡು ಎನ್ನುವಾಗ ಮಾತ್ರ ಸಲ್ಲುವ ರೂಪಗಳು. ಮಾಡಬೇಡ ಎನ್ನುವಾಗ ಸರ್ವನಾಮ ಕ್ರಿಯಾಪದಕ್ಕಿಂತ ಮೊದಲು ಬರುತ್ತದೆ, ತೂ ರೂಪವೂ ಬೇರೆಯಾಗುತ್ತದೆ.

ಅಡುಗೆಯ ಮೂಲಕ ಅಭ್ಯಾಸ

ಆಜ್ಞೆಗಳು ಒಂದರ ಹಿಂದೆ ಒಂದು ಸಹಜವಾಗಿ ಬರುವ ಬರಹವೆಂದರೆ ಪಾಕವಿಧಾನ. ಆಲೂಗಡ್ಡೆ ಮತ್ತು ಮೊಟ್ಟೆಯಿಂದ ಮಾಡುವ ಸ್ಪೇನಿನ ತೊರ್ತೀಯವನ್ನೇ ತೆಗೆದುಕೊಳ್ಳಬಹುದು. ಗೆಳೆಯನಿಗೆ ಹೇಳುವಾಗ ಕ್ರಮ ಹೀಗಿರುತ್ತದೆ: ಆಲೂಗಡ್ಡೆಯನ್ನು ಹೆಚ್ಚು, ಕೋರ್ತ, ಎಣ್ಣೆಯನ್ನು ಕಾಯಿಸು, ಕಲ್ಯೇಂತ, ಸಣ್ಣ ಉರಿಯಲ್ಲಿ ಕರಿ, ಫ್ರೀಎ, ಆಗಾಗ ಅಲ್ಲಾಡಿಸು, ಮ್ವೇಬೆ, ಮೊಟ್ಟೆಗಳನ್ನು ಕಡೆ, ಬಾತೆ, ಎರಡನ್ನೂ ಬೆರೆಸಿ ಬಾಣಲೆಗೆ ಸುರಿ, ಬ್ವೇಲ್ಕ, ತಟ್ಟೆಯ ನೆರವಿನಿಂದ ಮಗುಚಿ ಬೇಯಿಸಿದ ಮೇಲೆ ಬಡಿಸು, ಸೀರ್ಬೆ. ಇವುಗಳಲ್ಲಿ ಕೊರ್ತಾರ್ ಒಕಾರವಿದ್ದೂ ಬದಲಾಗದ ಕ್ರಿಯಾಪದ, ಬತೀರ್ ಕೂಡ ಬದಲಾಗದು; ಬದಲಾಗುವ ಮತ್ತು ಬದಲಾಗದ ಕ್ರಿಯಾಪದಗಳು ಹೀಗೆ ಬೆರೆತಿರುವುದೇ ಒಳ್ಳೆಯ ಅಭ್ಯಾಸ, ಏಕೆಂದರೆ ನಿಜವಾದ ಮಾತಿನಲ್ಲಿ ಅವು ಗುಂಪು ಕಟ್ಟಿಕೊಂಡು ಬರುವುದಿಲ್ಲ.

ಈ ಏಳು ಆಜ್ಞೆಗಳನ್ನು ಪುಸ್ತಕ ಮುಚ್ಚಿ ಗೌರವದ ರೂಪಕ್ಕೆ ತಿರುಗಿಸಿರಿ. ಕೋರ್ತೆ, ಕಲ್ಯೇಂತೆ, ಫ್ರೀಅ, ಮ್ವೇಬ, ಬಾತ, ಬ್ವೇಲ್ಕೆ, ಸೀರ್ಬ ಎಂದು ಬರಬೇಕು. ಬ್ವೇಲ್ಕೆ ಬರೆಯುವಾಗ ಕ್ಯು ಅಕ್ಷರ ಬಂದಿದೆಯೇ ನೋಡಿಕೊಳ್ಳಿರಿ. ಅನಂತರ ಮ್ಯಾಡ್ರಿಡ್‌ನ ಗೆಳೆಯರ ಗುಂಪಿಗೆ ಹೇಳುವಂತೆ ಕೊರ್ತಾದ್, ಕಲೆಂತಾದ್, ಫ್ರೆಈದ್, ಮೊಬೇದ್, ಬತೀದ್, ಬೊಲ್ಕಾದ್, ಸೆರ್ಬೀದ್ ಎಂದೂ, ಬ್ಯೂನಸ್ ಐರಿಸ್‌ನ ಒಬ್ಬ ಗೆಳತಿಗೆ ಹೇಳುವಂತೆ ಕೊರ್ತಾ, ಕಲೆಂತಾ, ಫ್ರೆಈ, ಮೊಬೇ, ಬತೀ, ಬೊಲ್ಕಾ, ಸೆರ್ಬೀ ಎಂದೂ ಹೇಳಿರಿ. ಪ್ರತಿ ಪದದಲ್ಲೂ ಮೊದಲು ಒತ್ತಿನ ಜಾಗವನ್ನು ನಿರ್ಧರಿಸಿ, ಆಮೇಲೆ ಧಾತುವಿನ ಸ್ವರವನ್ನು ಆರಿಸಿರಿ.